ಬಿಡಿಭಾಗ ಬದಲಿಸಿದರೆ ನಾದ ಸುಧಾರಿಸುತ್ತದೆಯೇ? ಒಂದು ಸ್ಟ್ರಾಟ್ ಮಾದರಿ ಗಿಟಾರಿನ ಪ್ರಕರಣ

ಈ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟ್ ಮಾದರಿಯದು, ಅಂದರೆ ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರಿನ ವಿನ್ಯಾಸದ್ದು. 648 ಮಿ.ಮೀ. ಸ್ಕೇಲ್ (ತಂತಿಯ ಕಂಪಿಸುವ ಭಾಗದ ಉದ್ದ), ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂಟಿ ಸುರುಳಿಯ ಸಾಧನ), ಐದು ಸ್ಥಾನಗಳ ಸ್ವಿಚ್, ಒಂದು ವಾಲ್ಯೂಮ್, ಎರಡು ಟೋನ್, ಟ್ರೆಮೊಲೊ ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ, ಸನ್ನೆಯಿಂದ ಅಲುಗಿಸಬಹುದಾದ ಭಾಗ). ಹೊಸದಾಗಿ ಕಲಿಯುವವರಿಗೆಂದು ತಯಾರಾಗುವ ದರ್ಜೆಯದು. ಹಾಗಾಗಿ ಪಿಕಪ್‌ಗಳಲ್ಲಿ ಆಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಅಯಸ್ಕಾಂತ) ಕಂಬಗಳಿಲ್ಲ. ಉಕ್ಕಿನ ಕಂಬಗಳು, ಅವುಗಳ ಅಡಿಗೆ ಅಂಟಿಸಿದ ಸೆರಾಮಿಕ್ ಅಯಸ್ಕಾಂತದ ಪಟ್ಟಿ. ವಾದಕರಿಗೆ ಇದರ ಕತ್ತು ಕೈಗೆ ಒಗ್ಗಿದೆ, ಬೇರೆ ಗಿಟಾರ್ ಬೇಡ. ಇದರ ನಾದವೇ ಸುಧಾರಿಸಬೇಕು ಎಂಬುದು ಅವರ ಅಪೇಕ್ಷೆ.

ಅವರ ದೂರು ಒಂದಲ್ಲ. ಬ್ರಿಡ್ಜ್ ಪಿಕಪ್ ಕಿವಿಗೆ ಚುಚ್ಚುತ್ತದೆ. ವಾಲ್ಯೂಮ್ 7ಕ್ಕೆ ಇಳಿಸಿದರೆ ಸ್ವರ ಮಂಕಾಗುತ್ತದೆ. ಮೂರನೇ ತಂತಿಯ 5ನೇ ಫ್ರೆಟ್‌ನಲ್ಲಿ (ಫ್ರೆಟ್ ಎಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸ್ವರ ಹೆಚ್ಚು ಹೊತ್ತು ಉಳಿಯುವುದೇ ಇಲ್ಲ. ಅದೇ ತಂತಿಯನ್ನು ಬೆರಳೊತ್ತದೆ ಬಿಟ್ಟು ನುಡಿಸಿದರೆ ಸಿತಾರಿನ ಜವಾರಿಯಂತೆ ಜುಯ್‌ಗುಡುತ್ತದೆ, ಎಳೆದು ಬಿಟ್ಟರೆ ಶ್ರುತಿಗೆ ಮರಳುವುದಿಲ್ಲ. ಇದೆಲ್ಲದರ ಹಿಂದೆ ಸದಾ ಒಂದು ಗುಂಯ್ ಸದ್ದು. ಪರಿಹಾರವೆಂದು ಅವರು ಬರೆದುಕೊಂಡು ಬಂದ ಪಟ್ಟಿಯಲ್ಲಿ ಆಲ್ನಿಕೊ 5ರ ವಿಂಟೇಜ್ ಪಿಕಪ್ ಸೆಟ್, ಎಣ್ಣೆಯಲ್ಲಿ ನೆನೆಸಿದ ಕಾಗದದ ಕೆಪಾಸಿಟರ್, ಮೂಳೆಯ ನಟ್ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಕಾಲುವೆಗಳ ಪಟ್ಟಿ), ಉಕ್ಕಿನ ಟ್ರೆಮೊಲೊ ಬ್ಲಾಕ್ (ಬ್ರಿಡ್ಜ್‌ನ ಅಡಿಯ ಲೋಹದ ತುಂಡು) ಮತ್ತು 500 ಕಿಲೋಓಮ್‌ನ ಪಾಟ್‌ಗಳಿದ್ದವು (ವಾಲ್ಯೂಮ್, ಟೋನ್ ಗುಂಡಿಗಳ ಅಡಿಯ, ರೋಧ ಬದಲಿಸುವ ಭಾಗಗಳು).

ಇಷ್ಟನ್ನೂ ಒಟ್ಟಿಗೆ ಹಾಕಿದ್ದರೆ ಗಿಟಾರ್ ಬೇರೆಯಾಗಿಯೇ ಕೇಳಿಸುತ್ತಿತ್ತು. ಯಾವುದರಿಂದ ಎಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಪಿಕಪ್ ಬದಲಿಸಬೇಕಾದರೆ ಹಳೆಯ ತಂತಿ ಬಿಚ್ಚಬೇಕು. ಬಿಚ್ಚಿದ ಮೇಲೆ ಹೊಸ ತಂತಿಯೇ ಬರುತ್ತದೆ. ಪಿಕಪ್‌ನ ಎತ್ತರ ಬದಲಾಗುತ್ತದೆ. ಸಡಿಲವಾಗಿದ್ದ ಬೆಸುಗೆ ಹೋಗಿ ಹೊಸ ಬೆಸುಗೆ ಕೂರುತ್ತದೆ. ಹೊಸ ಪಿಕಪ್ ತುಸು ಜೋರಾಗಿದ್ದರೆ ಕಿವಿ ಅದನ್ನೇ ಒಳ್ಳೆಯ ನಾದವೆಂದು ಒಪ್ಪಿಕೊಳ್ಳುತ್ತದೆ. ನಾಲ್ಕು ಕಾರಣಗಳ ಫಲ ಒಂದೇ ಬಿಡಿಭಾಗದ ಲೆಕ್ಕಕ್ಕೆ ಜಮೆಯಾಗುತ್ತದೆ. ಮಾಡಿಫಿಕೇಶನ್ ಬಗ್ಗೆ ಜನ ಹೇಳುವ ಮಾತುಗಳು ಪರಸ್ಪರ ಹೊಂದದಿರುವುದಕ್ಕೆ ಮುಖ್ಯ ಕಾರಣವೇ ಇದು. ಆದ್ದರಿಂದ ಒಂದು ಬಾರಿಗೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ಮುಂಚೆ ಮತ್ತು ನಂತರ ಧ್ವನಿಮುದ್ರಣ ಎಂದು ನಿಗದಿಯಾಯಿತು.

ಮುದ್ರಣದ ಕ್ರಮ ಸರಳ, ಆದರೆ ಸಡಿಲಬಿಡುವಂತಿಲ್ಲ. ಗಿಟಾರನ್ನು ಆಂಪ್ ಇಲ್ಲದೆ ನೇರವಾಗಿ ಆಡಿಯೊ ಇಂಟರ್‌ಫೇಸಿನ 1 ಮೆಗಾಓಮ್ ಇನ್‌ಪುಟ್‌ಗೆ ಕೊಡಬೇಕು. ಗೇನ್ ಗುಂಡಿಗೆ ಗುರುತು ಹಾಕಿ ಮತ್ತೆ ಮುಟ್ಟಬಾರದು. ಕೇಬಲ್ ಅದೇ, ಪ್ಲೆಕ್ಟ್ರಮ್ (ಮೀಟುವ ಬಿಲ್ಲೆ) ಅದೇ, ತಂತಿ ಅದೇ ತಯಾರಿಕೆಯ 0.010–0.046 ಇಂಚಿನ ಸೆಟ್. ಹೊಸ ತಂತಿ ಹಾಕಿದ ಕೂಡಲೇ ಮುದ್ರಿಸದೆ, ಎರಡು ಗಂಟೆ ನುಡಿಸಿ ಮೊದಲ ಹೊಳಪು ಇಳಿದ ಮೇಲೆ ಮುದ್ರಿಸಬೇಕು. ಪಿಕ್‌ಗಾರ್ಡ್ ಮೇಲೆ ಟೇಪಿನ ಚೂರು ಅಂಟಿಸಿ ಮೀಟುವ ಜಾಗವನ್ನು ಗುರುತಿಸಿಡಬೇಕು. ಈ ಕೊನೆಯದನ್ನು ಬಹಳ ಜನ ಕಡೆಗಣಿಸುತ್ತಾರೆ. ಮೀಟುವ ಜಾಗ ಬ್ರಿಡ್ಜ್ ಕಡೆಗೆ 2–3 ಸೆಂ.ಮೀ. ಸರಿದರೆ ಆಗುವ ವ್ಯತ್ಯಾಸ ಎಷ್ಟೋ ಬಿಡಿಭಾಗಗಳು ತರುವ ವ್ಯತ್ಯಾಸಕ್ಕಿಂತ ದೊಡ್ಡದು.

ಬಿಡಿಭಾಗ ಬೇಡದ ಕೆಲಸ

ಮೊದಲು ಹೊಸ ತಂತಿ. ತುಕ್ಕು, ಬೆವರು, ಸತ್ತ ಚರ್ಮ ಕೂತ ಹಳೆಯ ತಂತಿ ಮೇಲಿನ ಹಾರ್ಮೋನಿಕ್‌ಗಳನ್ನು ನುಂಗುತ್ತದೆ, ಅದರ ಶ್ರುತಿಯೂ ಫ್ರೆಟ್‌ನಿಂದ ಫ್ರೆಟ್‌ಗೆ ಸರಿಯಾಗಿ ಕೂರುವುದಿಲ್ಲ. ನೆಕ್ (ಕತ್ತಿನ ಬದಿಯ) ಮತ್ತು ನಡುವಿನ ಪಿಕಪ್‌ಗಳು ಇದೊಂದರಿಂದಲೇ ತೆರೆದುಕೊಂಡವು. ಬ್ರಿಡ್ಜ್ ಪಿಕಪ್ ಇನ್ನೂ ಹೆಚ್ಚು ಚುಚ್ಚತೊಡಗಿತು. ಅಲ್ಲಿ ಇಲ್ಲಿಯವರೆಗೆ ಹಳೆಯ ತಂತಿ ತೀಕ್ಷ್ಣತೆಯನ್ನು ಒಂದಿಷ್ಟು ಮುಚ್ಚಿಟ್ಟಿತ್ತು.

ಆಮೇಲೆ ಕತ್ತು. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದರೆ 8ನೇ ಫ್ರೆಟ್ ಮೇಲೆ ಸುಮಾರು 0.25 ಮಿ.ಮೀ. ಸಂದಿ ಉಳಿಯಬೇಕು. ಇಲ್ಲಿ ಅದು ಅರ್ಧ ಮಿಲಿಮೀಟರು ದಾಟಿತ್ತು. ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮರ ಹೊಂದಿಕೊಳ್ಳಲು ಬಿಟ್ಟು ಅಳೆಯಬೇಕು. ತಂತಿಯ ಎತ್ತರ 17ನೇ ಫ್ರೆಟ್‌ನಲ್ಲಿ ಮಂದ್ರದ ಬದಿ 1.8, ತಾರದ ಬದಿ 1.6 ಮಿ.ಮೀ.ಗೆ ಬಂತು.

ಪಿಕಪ್‌ನ ಎತ್ತರ ಈ ಹಂತದ ನಿಜವಾದ ಲಾಭ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಯ ತಳದಿಂದ ಕಂಬದ ತಲೆಯವರೆಗೆ ಅಳೆಯುವುದು ಕ್ರಮ. ವಿಂಟೇಜ್ ಬಗೆಯ ಸಿಂಗಲ್ ಕಾಯಿಲ್‌ಗೆ ಮಂದ್ರದ ಬದಿ 2.4, ತಾರದ ಬದಿ 2.0 ಮಿ.ಮೀ. ಒಳ್ಳೆಯ ಆರಂಭ. ನೆಕ್ ಪಿಕಪ್ ಇಲ್ಲಿ ಆರನೇ ತಂತಿಗೆ 1.2 ಮಿ.ಮೀ.ಯಷ್ಟು ಹತ್ತಿರವಿತ್ತು. ಅಯಸ್ಕಾಂತ ಅಷ್ಟು ಹತ್ತಿರವಿದ್ದರೆ ತಂತಿಯ ಮೇಲೆ-ಕೆಳಗಾಗುವ ಕಂಪನವನ್ನು ಒಂದು ಬಗೆಯಲ್ಲಿ, ಅಡ್ಡ ಕಂಪನವನ್ನು ಇನ್ನೊಂದು ಬಗೆಯಲ್ಲಿ ಎಳೆಯುತ್ತದೆ. 12ನೇ ಫ್ರೆಟ್ ದಾಟಿದ ಮೇಲೆ ಒಂದೇ ತಂತಿಯಲ್ಲಿ ಎರಡು ಶ್ರುತಿ ತಾಕಲಾಡಿದಂತೆ ಸ್ವರ ಅಲುಗುತ್ತದೆ. ಆಲ್ನಿಕೊ ಕಂಬಗಳಲ್ಲಿ ಈ ಕಾಟ ಹೆಚ್ಚು, ಸೆರಾಮಿಕ್ ಪಟ್ಟಿಯವುಗಳಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ಸ್ಕ್ರೂಡ್ರೈವರ್‌ನಿಂದ ಪಿಕಪ್ ಇಳಿಸಿದ ಮೇಲೆ ಅಲುಗು ನಿಂತಿತು, ಸ್ವರ ಹೆಚ್ಚು ಹೊತ್ತು ಉಳಿಯಿತು. ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಬರುವಂತೆ ತಂತಿಯ ಉದ್ದ) ಹೊಂದಿಸುವುದು ಇದಾದ ನಂತರವೇ. ಪಿಕಪ್ ಮೇಲಿದ್ದಾಗ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಊರುವ ತುಂಡು) ಹೊಂದಿಸಲು ಹೊರಟರೆ ಟ್ಯೂನರ್‌ನ ಮುಳ್ಳು ನಿಲ್ಲುವುದೇ ಇಲ್ಲ, ತಪ್ಪು ಸ್ಯಾಡಲ್‌ನದೆಂದು ತೋರುತ್ತದೆ.

ನಟ್‌ಗೆ ಬಂದರೆ, ಅದು ಪ್ಲಾಸ್ಟಿಕ್ಕಿನದು ಎಂಬುದು ದೋಷವಾಗಿರಲಿಲ್ಲ. ಮೂರನೇ ತಂತಿಯ ಕಾಲುವೆಯ ತಳ ಸಪಾಟಾಗಿತ್ತು. ತಂತಿ ಫ್ರೆಟ್‌ಬೋರ್ಡ್ ಕಡೆಯ ಅಂಚಿನಲ್ಲಿ ಊರುವ ಬದಲು ಹಿಂದಿನ ಅಂಚಿನಲ್ಲಿ ಊರುತ್ತಿತ್ತು. ನಡುವಿನ ಭಾಗ ಕಾಲುವೆಯ ತಳಕ್ಕೆ ತಾಕಿ ಜುಯ್‌ಗುಡುತ್ತಿತ್ತು. ಕಾಲುವೆ ಇಕ್ಕಟ್ಟೂ ಆಗಿದ್ದರಿಂದ ಎಳೆದ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಶ್ರುತಿ ಮಾಡುವಾಗ ಕೇಳಿಸುವ ಟಿಂಗ್ ಸದ್ದು ಇದರದೇ ಗುರುತು. ತಂತಿಗಿಂತ ಕೂದಲೆಳೆಯಷ್ಟು ದಪ್ಪವಿರುವ ನಟ್ ಅರದಿಂದ ಕಾಲುವೆಯನ್ನು ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ ಉಜ್ಜಿ, ಪೆನ್ಸಿಲಿನ ಗ್ರಾಫೈಟ್ ಸವರಿದರೆ ಸಾಕಾಯಿತು. ಉಜ್ಜುವಾಗ ಮುಂದಿನ ಅಂಚನ್ನು ಮುಟ್ಟಬಾರದು. ಅದು ಇಳಿದರೆ ತಂತಿ ಮೊದಲ ಫ್ರೆಟ್‌ಗೆ ಬಡಿಯುತ್ತದೆ, ಆಗ ನಟ್ ಬದಲಿಸದೆ ದಾರಿಯಿಲ್ಲ. ಪರೀಕ್ಷೆ ಹೀಗೆ: ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕಾಗದ ತೂರುವಷ್ಟು ಸಂದಿ ಇರಬೇಕು. ಮೂಳೆಯ ನಟ್ ಬಾಳಿಕೆ ಬರುತ್ತದೆ, ನಿಜ. ಆದರೆ ಬೆರಳು ಒತ್ತಿದ ಕ್ಷಣದಿಂದ ತಂತಿಯ ಒಂದು ಕೊನೆ ಫ್ರೆಟ್ ಆಗುತ್ತದೆ, ನಟ್ ಲೆಕ್ಕದಿಂದ ಹೊರಗೆ. ಬಿಟ್ಟ ತಂತಿಗೆ ಮಾತ್ರ ಸಂಬಂಧಿಸಿದ ಬದಲಾವಣೆಯಿಂದ ಇಡೀ ಗಿಟಾರಿನ ನಾದ ಏರುವುದಿಲ್ಲ.

ಚುಚ್ಚುವ ಬ್ರಿಡ್ಜ್ ಪಿಕಪ್

ಪಿಕಪ್ ಎಂಬುದು ಒಂಟಿಯಾಗಿ ನಾದ ಕೊಡುವ ವಸ್ತುವಲ್ಲ. ಸುರುಳಿಯ ಇಂಡಕ್ಟನ್ಸ್ (ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ), ಕೇಬಲ್‌ನ ಕೆಪಾಸಿಟನ್ಸ್ (ವಿದ್ಯುದಂಶ ಹಿಡಿದಿಡುವ ಗುಣ) ಮತ್ತು ಪಾಟ್‌ಗಳ ರೋಧ ಮೂರೂ ಸೇರಿ ಒಂದು ಫಿಲ್ಟರ್ ಆಗುತ್ತವೆ. ಅದರಲ್ಲಿ ಒಂದು ಕಂಪನಾಂಕದ ಬಳಿ ಶಿಖರವೇಳುತ್ತದೆ, ಅದರಾಚೆಗೆ ಧ್ವನಿ ಕಡಿದಾಗಿ ಇಳಿಯುತ್ತದೆ. ಶಿಖರ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬೆರಡು ಸಂಗತಿಗಳೇ ನಾವು ಪಿಕಪ್‌ನ ಸ್ವಭಾವ ಎಂದು ಕರೆಯುವುದರ ಬಹುಪಾಲು.

ಇಲ್ಲಿನ ಅಳತೆಗಳು: ಪಿಕಪ್ ಡಿಸಿ ರೋಧ 6.0 ಕಿಲೋಓಮ್, ಇಂಡಕ್ಟನ್ಸ್ 3.0 ಹೆನ್ರಿ. 6 ಮೀಟರಿನ ಕೇಬಲ್ 600 ಪಿಕೊಫ್ಯಾರಡ್, ಸುರುಳಿಯದೇ ಸ್ವಂತದ್ದು ಸುಮಾರು 110. ಕೇಬಲ್ ಅಳೆಯಲು ಕೆಪಾಸಿಟನ್ಸ್ ಅಳೆಯಬಲ್ಲ ಮಲ್ಟಿಮೀಟರ್ ಸಾಕು. ಒಂದು ತುದಿಯನ್ನು ಎಲ್ಲಿಗೂ ಸಿಕ್ಕಿಸದೆ, ಇನ್ನೊಂದು ತುದಿಯ ಪ್ಲಗ್‌ನ ಮೊನೆ ಮತ್ತು ತೋಳಿನ ನಡುವೆ ಅಳೆಯಬೇಕು. 3.0 ಹೆನ್ರಿ ಮತ್ತು 710 ಪಿಕೊಫ್ಯಾರಡ್ ಸೇರಿದರೆ ಶಿಖರ ಸುಮಾರು 3.4 ಕಿಲೋಹರ್ಟ್ಸ್‌ಗೆ ಬೀಳುತ್ತದೆ. ಅದೇ ಗಿಟಾರ್‌ಗೆ 3 ಮೀಟರಿನ ಕೇಬಲ್ ಹಾಕಿದರೆ 4.5ಕ್ಕೆ ಏರುತ್ತದೆ. ಗಿಟಾರನ್ನು ಬಿಚ್ಚದೆಯೇ ಪಿಕಪ್ ಬದಲಿಸಿದಷ್ಟು ವ್ಯತ್ಯಾಸ ಇದು.

ಡಿಸಿ ರೋಧ ನೋಡಿ ಪಿಕಪ್ ಆರಿಸುವವರಿಗೆ ಒಂದು ಮಾತು: ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡ ಏರುತ್ತದೆ. ಕೋಣೆ 10 ಡಿಗ್ರಿ ಬಿಸಿಯಾದರೆ 6.0 ಇದ್ದದ್ದು 6.2 ಆಗುತ್ತದೆ. ಆ ಅಂಕಿಯ ಮೇಲೆ ನಾದವನ್ನು ಊಹಿಸುವುದಕ್ಕಾಗದು, ಕೇಳಬೇಕಾದ್ದು ಇಂಡಕ್ಟನ್ಸ್.

ಬ್ರಿಡ್ಜ್ ಪಿಕಪ್ ಮಾತ್ರ ಚುಚ್ಚುವುದೇಕೆ? ಪಿಕ್‌ಗಾರ್ಡ್ ಎತ್ತಿ ನೋಡಿದರೆ ವೈರಿಂಗ್ ಹಳೆಯ ಪದ್ಧತಿಯದು: ಒಂದು ಟೋನ್ ಪಾಟ್ ನೆಕ್‌ಗೆ, ಇನ್ನೊಂದು ನಡುವಿನದಕ್ಕೆ, ಬ್ರಿಡ್ಜ್‌ಗೆ ಯಾವುದೂ ಇಲ್ಲ. 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರಿನಿಂದ ಹಾಗೇ ಇಳಿದುಬಂದ ಏರ್ಪಾಡು ಇದು. ಪರಿಣಾಮ ಎರಡು. ತೀಕ್ಷ್ಣತೆ ಇಳಿಸಲು ಗುಂಡಿಯೇ ಇಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೊಂದು: ಟೋನ್ ಪಾಟ್ 10ರಲ್ಲಿದ್ದರೂ ಅದರ 250 ಕಿಲೋಓಮ್ ಪಿಕಪ್‌ಗೆ ಹೊರೆಯಾಗಿ ಶಿಖರವನ್ನು ತಗ್ಗಿಸುತ್ತದೆ, ಬ್ರಿಡ್ಜ್‌ಗೆ ಆ ಹೊರೆಯೂ ಇಲ್ಲ. ಸ್ವಿಚ್‌ನ ಟೋನ್ ಬದಿಯಲ್ಲಿ ನಡುವಿನ ಪಿಕಪ್‌ನ ಲಗ್‌ನಿಂದ (ವೈರ್ ಬೆಸೆಯುವ ಲೋಹದ ಕಿವಿ) ಬ್ರಿಡ್ಜ್‌ನ ಖಾಲಿ ಲಗ್‌ಗೆ ಒಂದು ಗೇಣೂ ಇಲ್ಲದ ವೈರ್ ಬೆಸೆದರೆ ಎರಡನೇ ಟೋನ್ ಪಾಟ್ ಎರಡಕ್ಕೂ ಸಲ್ಲುತ್ತದೆ. ಲೆಕ್ಕದಲ್ಲಿ ಶಿಖರ 4 ಡೆಸಿಬೆಲ್ ಆಸುಪಾಸು ಇಳಿಯುತ್ತದೆ, ಟೋನ್ ಗುಂಡಿಯನ್ನು ಮುಟ್ಟುವ ಮುಂಚೆಯೇ. ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಸಾಮಗ್ರಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ತುಂಡು ವೈರ್. ವಾದಕರ ಪಟ್ಟಿಯಲ್ಲಿ ಇದು ಇರಲೇ ಇಲ್ಲ.

ಉಷ್ಣತೆ ಹೊಂದಿಸಬಹುದಾದ ಬೆಸುಗೆ ಕಡ್ಡಿಯನ್ನು 350 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಲಗ್ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬಾರದು. ಸ್ವಿಚ್‌ನ ಲಗ್‌ಗಳು ಪ್ಲಾಸ್ಟಿಕ್ಕಿನಲ್ಲಿ ಕೂತಿರುತ್ತವೆ. ಹೆಚ್ಚು ಕಾಯಿಸಿದರೆ ವಾಲಿಕೊಂಡು ಸಂಪರ್ಕ ತಪ್ಪುತ್ತದೆ. ಪಾಟ್‌ನ ಬೆನ್ನಿಗೆ ಬೆಸೆಯುವಾಗ ಮೊದಲು ಕೆರೆದು ಹೊಳಪು ತೆಗೆಯದಿದ್ದರೆ ಸೀಸ ಹಿಡಿಯದೆ ಗುಂಡಾಗಿ ನಿಲ್ಲುತ್ತದೆ, ಹಿಡಿಯಲೆಂದು ಕಾಯಿಸುತ್ತಾ ಹೋದರೆ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತದೆ.

500 ಕಿಲೋಓಮ್ ಪಾಟ್‌ಗಳನ್ನು ಇಲ್ಲಿಗೇ ಕೈಬಿಡಲಾಯಿತು. ಅವು ಶಿಖರದ ಜಾಗವನ್ನು ಬದಲಿಸುವುದಿಲ್ಲ, ಎತ್ತರವನ್ನು ಏರಿಸುತ್ತವೆ. ಚುಚ್ಚುತ್ತದೆ ಎಂದು ದೂರುವ ಗಿಟಾರ್‌ಗೆ ಇದು ತಿರುಗಾ ಮುರುಗಾ ಮದ್ದು. ಅದೇ ಕಾರಣಕ್ಕೆ ವಿಂಟೇಜ್ ಪಿಕಪ್ ಸೆಟ್ ಕೂಡ ಅನುಮಾನಕ್ಕೆ ಬಂತು: ಆ ಬಗೆಯವು ಸಾಮಾನ್ಯವಾಗಿ 2.4 ಹೆನ್ರಿ ಆಸುಪಾಸಿನವು, ಇದೇ ಕೇಬಲ್‌ನಲ್ಲಿ ಶಿಖರವನ್ನು 3.9 ಕಿಲೋಹರ್ಟ್ಸ್‌ಗೆ ಏರಿಸುತ್ತವೆ. ಒಳ್ಳೆಯ ಪಿಕಪ್‌ಗಳೇ, ಆದರೆ ಈ ವಾದಕರಿಗೆ ಬೇಕಾದ ದಿಕ್ಕಿಗೆ ವಿರುದ್ಧ.

ದಿಕ್ಕು ಯಾವುದು ಎಂದು ತಿಳಿಯಲು ಹಣ ಸುರಿಯಬೇಕಿಲ್ಲ. 470 ಪಿಕೊಫ್ಯಾರಡ್‌ನ ಒಂದು ಸಣ್ಣ ಕೆಪಾಸಿಟರನ್ನು ಮೊಸಳೆ ಕ್ಲಿಪ್‌ಗಳಿಂದ ಜ್ಯಾಕ್‌ನ ಎರಡು ಲಗ್‌ಗಳ ನಡುವೆ ಸಿಕ್ಕಿಸಿ ನುಡಿಸಿದರೆ ಶಿಖರ 2.7 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಹೆಚ್ಚು ಸುತ್ತುಗಳ ಪಿಕಪ್ ಹೇಗೆ ಕೇಳಿಸಬಹುದು ಎಂಬುದರ ರುಚಿ ಸಿಗುತ್ತದೆ. ಕ್ಲಿಪ್ ತೆಗೆದು, ಹಾಕಿ, ಮತ್ತೆ ತೆಗೆದು ಕೇಳಿದ ವಾದಕರು ಬ್ರಿಡ್ಜ್ ಸ್ಥಾನದಲ್ಲಿ ಹಾಕಿದ್ದನ್ನೇ ಮೆಚ್ಚಿದರು, ನೆಕ್ ಸ್ಥಾನದಲ್ಲಿ ತೆಗೆದದ್ದನ್ನು. ಅಲ್ಲಿಗೆ ಮೂರು ಪಿಕಪ್‌ಗಳ ಸೆಟ್ಟಿನ ಪ್ರಶ್ನೆ ಒಂದು ಪಿಕಪ್‌ಗೆ ಇಳಿಯಿತು.

ವಾಲ್ಯೂಮ್ ಮತ್ತು ಕೆಪಾಸಿಟರ್

ವಾಲ್ಯೂಮ್ ಇಳಿಸಿದಾಗ ಮಂಕಾಗುವುದು ಪಾಟ್ ಕಳಪೆ ಎಂಬ ಕಾರಣಕ್ಕಲ್ಲ. ಗುಂಡಿ ನಡುವೆ ಇದ್ದಾಗ ಪಾಟ್‌ನ ರೋಧ ಪಿಕಪ್ ಮತ್ತು ಕೇಬಲ್ ನಡುವೆ ಬಂದು ನಿಲ್ಲುತ್ತದೆ. ಶಿಖರ ಕುಸಿಯುತ್ತದೆ, ಕೇಬಲ್‌ನ ಕೆಪಾಸಿಟನ್ಸ್ ಮೇಲಿನ ಸ್ವರಾಂಶಗಳನ್ನು ನೆಲಕ್ಕಿಳಿಸುತ್ತದೆ. ಪಾಟ್‌ನ ಒಳಬರುವ ಲಗ್ ಮತ್ತು ನಡುವಿನ ಲಗ್‌ಗಳ ಮಧ್ಯೆ 680 ಪಿಕೊಫ್ಯಾರಡ್ ಕೆಪಾಸಿಟರ್, ಅದಕ್ಕೆ ಸಮಾಂತರವಾಗಿ 150 ಕಿಲೋಓಮ್ ರೆಸಿಸ್ಟರ್ ಬೆಸೆದು ಇದನ್ನು ಸರಿಪಡಿಸಲಾಯಿತು. ರೆಸಿಸ್ಟರ್ ಬಿಟ್ಟು ಕೆಪಾಸಿಟರ್ ಒಂದನ್ನೇ ಹಾಕಿದರೆ 3, 4ರ ಬಳಿ ಧ್ವನಿ ಕೀರಲಾಗಿ ತಂಪೆಲ್ಲ ಹೋಗುತ್ತದೆ. ಇಲ್ಲಿ ಒಂದು ನಷ್ಟವಿದೆ: ಗುಂಡಿಯ ತಿರುವು ಮೊದಲಿನಂತೆ ನಯವಾಗಿ ಏರಿಳಿಯುವುದಿಲ್ಲ. ಕಿರುಬೆರಳಲ್ಲಿ ವಾಲ್ಯೂಮ್ ಏರಿಸಿ ನುಡಿಸುವವರು ಇದನ್ನು ಗಮನಿಸಿಯೇ ಒಪ್ಪಬೇಕು.

ಎಣ್ಣೆ-ಕಾಗದದ ಕೆಪಾಸಿಟರ್ ಬಗ್ಗೆ ಲೆಕ್ಕವೇ ಮಾತಾಡುತ್ತದೆ. ಗಿಟಾರಿನಲ್ಲಿದ್ದದ್ದು 0.022 ಮೈಕ್ರೊಫ್ಯಾರಡ್‌ನ ಸಾದಾ ಫಿಲ್ಮ್ ಕೆಪಾಸಿಟರ್. 4 ಕಿಲೋಹರ್ಟ್ಸ್‌ನಲ್ಲಿ ಅದರ ರೋಧ 1.8 ಕಿಲೋಓಮ್. ಟೋನ್ 10ರಲ್ಲಿದ್ದಾಗ ಅದರ ಜೊತೆ ಸರಣಿಯಲ್ಲಿ 250 ಕಿಲೋಓಮ್ ಇರುತ್ತದೆ. ಕೆಪಾಸಿಟರಿನ ಪಾಲು ಶೇಕಡ ಒಂದಕ್ಕೂ ಕಡಿಮೆ. ಪಾಟ್‌ಗಳ ರೋಧವೇ ನಮೂದಿಸಿದ್ದಕ್ಕಿಂತ 20 ಶೇಕಡ ಮೇಲೆ ಕೆಳಗೆ ಇರಬಹುದಾದಾಗ ಆ ಪಾಲು ಕೇಳಿಸುವ ಮಾತೇ ಇಲ್ಲ. ಟೋನ್ ಪೂರ್ತಿ ಇಳಿಸಿದಾಗ ಮಾತ್ರ ಕೆಪಾಸಿಟರಿನ ಅಳತೆ ಮುಖ್ಯವಾಗುತ್ತದೆ: 0.022 ಇದ್ದರೆ ಶಿಖರ ಸುಮಾರು 620 ಹರ್ಟ್ಸ್‌ಗೆ, 0.047 ಇದ್ದರೆ 425ಕ್ಕೆ ಕೂರುತ್ತದೆ. ಅಳತೆ ಬದಲಿಸಿ, ಫಲ ಇದೆ. ಒಳಗಿನ ವಸ್ತುವಿಗಾಗಿ ಹಣ ಕೊಡಬೇಡಿ.

ಬದಲಿಸಲಾಗದ್ದು

ಮೂರನೇ ತಂತಿಯ 5ನೇ ಫ್ರೆಟ್ ಎಂದರೆ 262 ಹರ್ಟ್ಸ್. ಕತ್ತಿನ ಸ್ವಂತ ಕಂಪನ ಅದರ ಬಳಿಯೇ ಇದ್ದರೆ ತಂತಿಯ ಶಕ್ತಿಯನ್ನು ಕತ್ತು ಹೀರಿಕೊಳ್ಳುತ್ತದೆ. ಪಿಕಪ್ ತಂತಿಯ ಚಲನೆಯನ್ನು ಕೇಳುವ ಸಾಧನ. ತಂತಿಯೇ ನಿಂತುಹೋದ ಮೇಲೆ ಯಾವ ಪಿಕಪ್ ಹಾಕಿದರೂ ಸ್ವರ ಬರುವುದಿಲ್ಲ. ಹೆಡ್‌ಸ್ಟಾಕ್‌ಗೆ 150 ಗ್ರಾಂ ತೂಕದ ಒಂದು ಕ್ಲ್ಯಾಂಪ್ ಸಿಕ್ಕಿಸಿ ನೋಡಿದಾಗ ಸತ್ತ ಜಾಗ ಫ್ರೆಟ್ ಬದಲಿಸಿತು, ಮಾಯವಾಗಲಿಲ್ಲ. ಕಾರಣ ಕತ್ತಿನಲ್ಲಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆ ಸ್ವರವನ್ನು ಉದ್ದಕ್ಕೆ ಹಿಡಿಯಬೇಕಾದಾಗ ನಾಲ್ಕನೇ ತಂತಿಯ 10ನೇ ಫ್ರೆಟ್‌ನಲ್ಲಿ ನುಡಿಸುವುದೇ ಉಪಾಯ.

ಉಕ್ಕಿನ ಬ್ಲಾಕ್ ಇಲ್ಲಿ ಕೂರುವುದೇ ಇಲ್ಲ. ದೇಹದ ದಪ್ಪ 40 ಮಿ.ಮೀ.; ಪೂರ್ಣ ಗಾತ್ರದ ಬ್ಲಾಕ್ ಸುಮಾರು 44 ಮಿ.ಮೀ. ದಪ್ಪದ ದೇಹಕ್ಕೆಂದು ಮಾಡಿದ್ದು, ಹಿಂಬದಿಯಿಂದ ಹೊರಗೆ ಇಣುಕುತ್ತದೆ. ತೆಗೆದುಕೊಳ್ಳುವ ಮುನ್ನ ಬ್ಲಾಕ್‌ನ ಉದ್ದ ಮಾತ್ರವಲ್ಲ, ತಂತಿಗಳ ನಡುವಿನ ಅಂತರ ಮತ್ತು ಸ್ಕ್ರೂಗಳ ಅಂತರವನ್ನೂ ಅಳೆಯಬೇಕು.

ಗುಂಯ್ ಸದ್ದಿನಲ್ಲಿ ಎರಡು ಬಗೆ ಬೆರೆತಿತ್ತು. ತಂತಿ ಮುಟ್ಟಿದರೆ ಕಡಿಮೆಯಾಗುವ ಜರ್ ಸದ್ದು ಒಂದು. ಒಳಗಿನ ಗುಳಿಗೆ ಮತ್ತು ಪಿಕ್‌ಗಾರ್ಡ್‌ನ ಬೆನ್ನಿಗೆ ತಾಮ್ರದ ಫಾಯಿಲ್ ಅಂಟಿಸಿ ಗ್ರೌಂಡ್‌ಗೆ ಸೇರಿಸಿದ ಮೇಲೆ ಅದು ಹೋಯಿತು. ಫಾಯಿಲ್‌ನ ತುಂಡು ತುಂಡುಗಳ ನಡುವೆ ಮಲ್ಟಿಮೀಟರಿನಲ್ಲಿ ಸಂಪರ್ಕ ಪರೀಕ್ಷಿಸಬೇಕು. ಕೆಲವು ಅಂಟು ವಿದ್ಯುತ್ ಹರಿಸುವುದಿಲ್ಲ, ಆಗ ಜೋಡಣೆಗೆ ಬೆಸುಗೆಯ ಚುಕ್ಕೆ ಬೇಕು. ಜ್ಯಾಕ್‌ನ ಹಾಟ್ (ಸಂಕೇತ ಹೊರುವ) ಲಗ್ ಫಾಯಿಲ್‌ಗೆ ತಾಕಿದರೆ ಗಿಟಾರ್ ಪೂರ್ತಿ ಮೂಕವಾಗುತ್ತದೆ. ಇನ್ನೊಂದು, ಟ್ರಾನ್ಸ್‌ಫಾರ್ಮರ್‌ಗಳಿಂದ ಬರುವ ಕಾಂತೀಯ ಗುಂಯ್, ಫಾಯಿಲ್‌ಗೆ ಬಗ್ಗುವುದಲ್ಲ. ನಡುವಿನ ಪಿಕಪ್‌ನ ಅಂಟನ್ನು ಮೆಲ್ಲಗೆ ಬಿಸಿಮಾಡಿ ಸಡಿಲಿಸಿ, ಸೆರಾಮಿಕ್ ಪಟ್ಟಿಯನ್ನು ಮಗುಚಿ ಹಾಕಿ, ಅದರ ಎರಡು ವೈರ್‌ಗಳನ್ನು ಅದಲುಬದಲು ಮಾಡಿದಾಗ ಎರಡು ಪಿಕಪ್ ಒಟ್ಟಿಗೆ ನುಡಿಯುವ 2 ಮತ್ತು 4ನೇ ಸ್ವಿಚ್ ಸ್ಥಾನಗಳಲ್ಲಿ ಅದು ಪರಸ್ಪರ ಕಳೆದುಹೋಯಿತು. ಪಟ್ಟಿ ಎಬ್ಬಿಸುವಾಗ ಚೂಪಾದ ಉಪಕರಣ ಸುರುಳಿಗೆ ತಾಗಬಾರದು. ಒಳಗಿನ ತಂತಿ ಕೂದಲಿನಷ್ಟು ತೆಳು, ಒಂದು ಎಳೆ ಕಡಿದರೆ ಪಿಕಪ್ ಮುಗಿಯಿತು.

ಕೊನೆಗೆ ಒಂದು ಪಿಕಪ್

ಬ್ರಿಡ್ಜ್‌ಗೆ 4.5 ಹೆನ್ರಿಯ ಪಿಕಪ್ ಬಂತು. ಲೆಕ್ಕದ ಪ್ರಕಾರ ಶಿಖರ 2.8 ಕಿಲೋಹರ್ಟ್ಸ್, ಕ್ಲಿಪ್‌ನ ಪರೀಕ್ಷೆಯಲ್ಲಿ ಮೆಚ್ಚಿದ್ದರ ಪಕ್ಕದಲ್ಲೇ. ಬೆಸೆದ ಮೇಲೆ ಬ್ರಿಡ್ಜ್ ಒಂಟಿಯಾಗಿ ಚೆನ್ನಾಗಿತ್ತು. 2ನೇ ಸ್ಥಾನದಲ್ಲಿ ಮಾತ್ರ ಧ್ವನಿ ತೆಳ್ಳಗೆ, ಮೂಗಿನಲ್ಲಿ ಹಾಡಿದಂತೆ. ಎರಡು ಪಿಕಪ್‌ಗಳ ಫೇಸ್ (ಸಂಕೇತದ ಏರಿಳಿತದ ದಿಕ್ಕು) ವಿರುದ್ಧವಾದಾಗ ಆಗುವುದೇ ಹೀಗೆ. ಪತ್ತೆಗೆ ಪಿಕಪ್‌ನ ಎರಡು ವೈರ್‌ಗಳಿಗೆ ಮಲ್ಟಿಮೀಟರನ್ನು ರೋಧ ಅಳೆಯುವಂತೆ ಹಿಡಿದು, ಉಕ್ಕಿನ ಸ್ಕ್ರೂಡ್ರೈವರನ್ನು ಕಂಬಗಳ ಮೇಲಿಟ್ಟು ಸರಕ್ಕನೆ ಎತ್ತಬೇಕು. ಅಂಕಿ ಒಂದು ಕ್ಷಣ ಏರುತ್ತದೆ ಅಥವಾ ಇಳಿಯುತ್ತದೆ. ಮೂರೂ ಪಿಕಪ್‌ಗಳಲ್ಲಿ ಅದು ಒಂದೇ ಕಡೆಗೆ ಸರಿಯಬೇಕು. ಹೊಸದು ಎದುರು ದಿಕ್ಕಿಗೆ ಸರಿಯಿತು. ವೈರ್ ಅದಲುಬದಲು ಮಾಡಿದ್ದರಿಂದ ಫೇಸ್ ಸರಿಹೋಯಿತು. ಅದರ ಅಯಸ್ಕಾಂತ ನಡುವಿನದಕ್ಕೆ ಎದುರು ದಿಕ್ಕಿನದೇ ಎಂದು ದಿಕ್ಸೂಚಿಯಲ್ಲಿ ನೋಡಿಕೊಂಡದ್ದರಿಂದ ಗುಂಯ್ ಕಳೆಯುವ ಗುಣವೂ ಉಳಿಯಿತು. ಲೋಹದ ಕವಚ ಅಥವಾ ತಳದ ತಗಡಿರುವ ಪಿಕಪ್‌ನಲ್ಲಿ ಹೀಗೆ ವೈರ್ ಬದಲಿಸುವ ಮುನ್ನ ಆ ಲೋಹದ ಗ್ರೌಂಡ್ ಸಂಪರ್ಕವನ್ನು ಬೇರೆಮಾಡಬೇಕು, ಇಲ್ಲವಾದರೆ ಲೋಹವೇ ಹಾಟ್ ಆಗಿ ಗುಂಯ್‌ಗುಡುತ್ತದೆ.

ಮೊದಲ ಕೇಳ್ಮೆಗೆ ಹೊಸ ಪಿಕಪ್ ಎಲ್ಲದರಲ್ಲೂ ಮೇಲು ಅನ್ನಿಸಿತು, ಏಕೆಂದರೆ ಅದು ಜೋರಾಗಿತ್ತು. ಹಳೆಯ ಮತ್ತು ಹೊಸ ಮುದ್ರಣಗಳ ಮಟ್ಟವನ್ನು 0.2 ಡೆಸಿಬೆಲ್ ಒಳಗೆ ಸರಿದೂಗಿಸಿದ ಮೇಲೆ ಉಳಿದ ವ್ಯತ್ಯಾಸ ಮೇಲಿನ ಮಧ್ಯಭಾಗದಲ್ಲಿ ಮಾತ್ರ: ಚುಚ್ಚು ಕಡಿಮೆ, ಒಡಲು ಹೆಚ್ಚು. ಯಾವುದು ಯಾವುದೆಂದು ತಿಳಿಸದೆ ಕೇಳಿಸುವ ಪರೀಕ್ಷೆಯಲ್ಲಿ 16ರಲ್ಲಿ 12 ಸರಿಯಾದರೆ ಅದು ಬರೀ ಊಹೆಯಿಂದ ಬಂದಿರುವ ಸಂಭವ ಶೇಕಡ 4ಕ್ಕಿಂತ ಕಡಿಮೆ. ಈ ಪಿಕಪ್ ಆ ಗೆರೆಯನ್ನು ಸಲೀಸಾಗಿ ದಾಟಿತು. ಟೋನ್ 10ರಲ್ಲಿ ಹೋಲಿಸಿದ ಎರಡು ಕೆಪಾಸಿಟರ್‌ಗಳು ದಾಟಲಿಲ್ಲ.

ಹೊಸ ಪಿಕಪ್ ಜೋರಾಗಿರುವುದರಿಂದ ಅದನ್ನು ಉಳಿದೆರಡಕ್ಕೆ ಸಮನಾಗುವವರೆಗೆ ಇಳಿಸಿ, ಸ್ಕ್ರೂಗಳ ಅಡಿಯ ರಬ್ಬರ್ ಕೊಳವೆಗಳನ್ನು ಬದಲಿಸಲಾಯಿತು. ಹಳೆಯವು ಗಟ್ಟಿಯಾಗಿ ಸೆಟೆದಿದ್ದರಿಂದ ಪಿಕಪ್ ನುಡಿಸುತ್ತಾ ನುಡಿಸುತ್ತಾ ತಾನೇ ಕೆಳಗಿಳಿಯುತ್ತಿತ್ತು.